ಬಿರುಕು ಬಿಟ್ಟ ಅಚ್ಚು, ರಾಜರ ಪದಕಗಳು

ದುಬೈಯಲ್ಲಿ ಎಂತ ನೋಡಿದ್ರಿ ಅಜ್ಜಿ ಎಂದು ನೀವಿಬ್ಬರೂ ಫೋನಿನಲ್ಲಿ ಕೇಳಿದಿರಿ. ಫೋನು ಹಿಡಿದರೆ ನನಗೆ ಮಾತು ಬರುವುದಿಲ್ಲ. ಹೌದು, ಅಲ್ಲ, ಊಟ ಆಯ್ತಾ, ಇಷ್ಟೇ. ಅದಕ್ಕೆ ಈ ನೋಟ್ ಪುಸ್ತಕದಲ್ಲಿ ಬರೆಯುತ್ತಿದ್ದೇನೆ. ಏಳನೆಯ ಕ್ಲಾಸಿನವರೆಗೆ ಕಲಿತ ಅಕ್ಷರ. ವಕ್ರವಾಗಿದ್ದರೆ ನಿಮ್ಮ ಅಮ್ಮನ ಹತ್ತಿರ ಓದಿಸಿಕೊಳ್ಳಿ.

ಆ ಎತ್ತರದ ಗೋಪುರವನ್ನು ನೋಡಿದೆ. ಕುತ್ತಿಗೆ ನೋವು ಬಂತು. ನೀರು ಕುಣಿಯುವ ಕಾರಂಜಿಯನ್ನೂ ನೋಡಿದೆ. ಅವುಗಳ ಫೋಟೋ ನಿಮ್ಮ ಮೊಬೈಲಿನಲ್ಲಿಯೇ ಇದೆ, ನಾನು ಬರೆಯುವುದು ಬೇಡ. ಫೋಟೋದಲ್ಲಿ ಇಲ್ಲದ್ದನ್ನು ಬರೆಯುತ್ತೇನೆ. ಅದು ನನ್ನ ಕೈಚೀಲದಲ್ಲಿ, ಬಿಸ್ಕತ್ತಿನ ಡಬ್ಬದೊಳಗೆ, ಎಣ್ಣೆ ಬಟ್ಟೆಯಲ್ಲಿ ಸುತ್ತಿಕೊಂಡು ನನ್ನ ಜೊತೆಯೇ ಬಂದಿತ್ತು.

ಮಂಗಳೂರು ವಿಮಾನ ನಿಲ್ದಾಣ

ಚೀಲವನ್ನು ಯಂತ್ರದೊಳಗೆ ಕಳಿಸಿದರು. ಅದು ಆಚೆ ಬರುವಷ್ಟರಲ್ಲಿ ಒಬ್ಬ ಅಧಿಕಾರಿ ಅದನ್ನು ಎತ್ತಿ ಬದಿಗಿಟ್ಟ.

"ಅಜ್ಜಿ, ಇದು ನಿಮ್ಮದಾ? ಒಳಗೆ ಎಂತದ್ದೋ ಗಟ್ಟಿ ಉಂಟಲ್ಲ."

ನಾನು ತಲೆಯಾಡಿಸಿದೆ. ಅವನು ಡಬ್ಬ ತೆರೆದು ಬಟ್ಟೆ ಬಿಚ್ಚಿದ. ನನ್ನ ಹಿಂದೆ ಇಪ್ಪತ್ತು ಜನ ಸಾಲುಗಟ್ಟಿ ನಿಂತು ನೋಡುತ್ತಿದ್ದರು. ಅಂಗೈಯಷ್ಟು ಅಗಲದ ಉಕ್ಕಿನ ತುಂಡು, ಮೇಲೆ ರೂಪಾಯಿಗಿಂತ ದೊಡ್ಡದೊಂದು ಉರುಟು ಗುಳಿ, ಗುಳಿಯೊಳಗೆ ಕೆತ್ತನೆ.

"ಇದೆಂತ?"

"ಅಚ್ಚು."

"ಎಂತದ್ದರ ಅಚ್ಚು?"

ಹೇಳಬೇಕಾದದ್ದು ಬಹಳ ಇತ್ತು. ನನ್ನ ಗಂಡ ಬೆಳ್ಳಿ ಕೆಲಸದ ಆಚಾರಿ, ಇದು ಅವರು ಮೊಮ್ಮಗಳಿಗೆಂದು ಕೆತ್ತಿದ್ದು, ಇದರ ಮೇಲೆ ಬೆಳ್ಳಿ ತಗಡು ಇಟ್ಟು, ತಗಡಿನ ಮೇಲೆ ಸೀಸ ಇಟ್ಟು ಸುತ್ತಿಗೆಯಲ್ಲಿ ಬಡಿದರೆ ಚಿತ್ರ ಎದ್ದು ಬರುತ್ತದೆ. ಅಷ್ಟು ಜನರೆದುರು ಒಂದು ಶಬ್ದವೂ ಹೊರಡಲಿಲ್ಲ.

"ತಿಂಡಿಯದ್ದಾ? ಸಕ್ಕರೆ ಅಚ್ಚಿನ ಹಾಗೆ?" ಎಂದು ಅವನೇ ಕೇಳಿದ.

"ಹೂಂ" ಎಂದುಬಿಟ್ಟೆ.

"ದುಬೈಯಲ್ಲಿ ಸಿಗುವುದಿಲ್ವಾ ಅಜ್ಜಿ ಅದು? ಇಷ್ಟು ಭಾರ ಹೊರುದು ಎಂತಕ್ಕೆ? ಹೋಗಿ, ಹೋಗಿ, ಮೊಮ್ಮಕ್ಕಳಿಗೆ ಒಳ್ಳೆ ತಿಂಡಿ ಮಾಡಿ ಕೊಡಿ."

ಜೀವಮಾನದಲ್ಲಿ ಸರಕಾರದ ಮನುಷ್ಯನಿಗೆ ಹೇಳಿದ ಮೊದಲ ಸುಳ್ಳು ಅದು. ವಿಮಾನ ಮೇಲೆದ್ದ ಮೇಲೂ ಯಾರೋ ಹಿಂದಿನಿಂದ ಕರೆಯುತ್ತಾರೆ ಎಂದೇ ಕುಳಿತಿದ್ದೆ. ಗಗನಸಖಿ ಜ್ಯೂಸು ತಂದಾಗಲೂ ಡಬ್ಬವನ್ನು ಮಡಿಲಿನಿಂದ ಇಳಿಸಲಿಲ್ಲ.

ಅಲ್ ನಹ್ದಾ

ನಿಮ್ಮ ಸುಧಾಕರ ಮಾವನ ಮನೆ ಏಳನೆಯ ಮಾಳಿಗೆಯಲ್ಲಿ. ಕಿಟಕಿಯಿಂದ ಕಾಣುವ ರಸ್ತೆಯ ಈಚೆ ದುಬೈ, ಆಚೆ ಶಾರ್ಜಾ. ಎರಡೂ ಕಡೆ ಒಂದೇ ನಮೂನೆ ಕಟ್ಟಡ, ಒಂದೇ ನಮೂನೆ ಒಗೆದ ಬಟ್ಟೆ. ಕೆಳಗಿನ ಅಂಗಡಿ ಭಟ್ಕಳದವರದ್ದು. ಅಲ್ಲಿ ಕುಚ್ಚಲಕ್ಕಿ, ಒಣಮೀನು, ಕೆಸುವಿನ ಎಲೆ ಎಲ್ಲ ಇದೆ. ಮೂರನೆಯ ದಿನವೇ ಅಂಗಡಿಯವರು "ಅಮ್ಮ, ಇವತ್ತು ಬಸಳೆ ಬಂದಿದೆ" ಎಂದು ನನಗಾಗಿ ಎತ್ತಿಟ್ಟಿದ್ದರು. ಊರಿನಲ್ಲಿ ಹಿತ್ತಿಲಿನ ಬಸಳೆಯನ್ನು ಕೊಯ್ಯುವವರಿಲ್ಲ. ಇಲ್ಲಿ ಅದು ವಿಮಾನದಲ್ಲಿ ಬರುತ್ತದೆ.

ಲಿಫ್ಟಿನಲ್ಲಿ ಮಾತ್ರ ನನಗೆ ಕಷ್ಟವಾಯಿತು. ಅದರೊಳಗೆ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ, ಎಲ್ಲರೂ ಮೇಲಿನ ಅಂಕೆಯನ್ನು ನೋಡುತ್ತಾರೆ. ಮೊದಲೆರಡು ದಿನ ಹೆದರಿಕೆಯಾಯಿತು. ಆಮೇಲೆ ಇದು ನನ್ನಂಥವರಿಗೆ ಬಹಳ ಒಳ್ಳೆಯ ಪದ್ಧತಿ ಎನ್ನಿಸಿತು.

ಮಾವನ ಮಗಳು ಅನ್ವಿತಾಳಿಗೆ ಈಗ ಹತ್ತು ವರ್ಷ. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಅಪ್ಪ ಗದರಿಸಿದರೆ ಕನ್ನಡಕ್ಕೆ ಬರುತ್ತಾಳೆ, ಆದರೆ ಶಬ್ದಗಳು ಅರ್ಧರ್ಧ. ಅಚ್ಚು ಅವಳದ್ದು. ಬಂದ ದಿನವೇ ಕೊಡಬೇಕು ಎಂದುಕೊಂಡಿದ್ದೆ. ಕೊಡುವುದಾದರೆ ಅದರ ಕಥೆಯನ್ನೂ ಹೇಳಬೇಕು. ಕಥೆ ಹೇಳುವ ಧೈರ್ಯ ಬರಲಿಲ್ಲ. ಡಬ್ಬ ಮಂಚದ ಕೆಳಗೆ ಹೋಯಿತು.

ಆರನೆಯ ದಿನ ಸ್ನಾನಕ್ಕೆ ಹೋದಾಗ ಬಚ್ಚಲಿನಲ್ಲಿ ಎರಡು ಬಕೆಟ್ಟು ನೀರು ತುಂಬಿಸಿಟ್ಟದ್ದು ಕಂಡಿತು.

"ಇದೆಂತಕ್ಕೆ ವೀಣಾ?" ಎಂದು ನಿಮ್ಮ ವೀಣತ್ತೆಯನ್ನು ಕೇಳಿದೆ.

"ಅದು ಅಭ್ಯಾಸ ಅತ್ತೆ. ಬೇಸಿಗೆಯಲ್ಲಿ ಇಲ್ಲಿ ನಳ್ಳಿ ನೀರು ಕೈ ಸುಡ್ತದೆ. ಹಿಂದಿನ ದಿವಸವೇ ತುಂಬಿಸಿ ಇಡಬೇಕು, ಹದಕ್ಕೆ ಬರ್ತದೆ. ಈಗ ಡಿಸೆಂಬರ್, ಬೇಕಾಗಿಲ್ಲ. ಆದ್ರೂ ಕೈ ಹೋಗ್ತದೆ, ಎಂತ ಮಾಡುದು?"

ಅವಳು ನಗುತ್ತಾ ಹೋದಳು. ನಾನು ಬಚ್ಚಲಿನ ಬಾಗಿಲು ಹಾಕಿಕೊಂಡು ಆ ನೀರನ್ನೇ ನೋಡುತ್ತಾ ನಿಂತೆ.

ಈಗ ನಿಮಗೆ ಆ ಕಥೆ ಹೇಳುತ್ತೇನೆ.

ನಿಮ್ಮ ಅಜ್ಜ ಕಾರ್ಕಳದ ಕಡೆಯ ನಮ್ಮ ಊರಿನಲ್ಲಿ ಹರಕೆಯ ಬೆಳ್ಳಿ ಸಾಮಾನು ಮಾಡುತ್ತಿದ್ದರು. ಕಣ್ಣು ನೋವಾದವರಿಗೆ ಬೆಳ್ಳಿಯ ಕಣ್ಣು, ಕಾಲು ನೋವಾದವರಿಗೆ ಕಾಲು, ಮಕ್ಕಳಾಗದವರಿಗೆ ನಾಗ, ಮಕ್ಕಳಾದವರಿಗೆ ತೊಟ್ಟಿಲು. ಪ್ರತಿಯೊಂದಕ್ಕೂ ಅವರೇ ಕೆತ್ತಿದ ಅಚ್ಚು ಇತ್ತು. ಕೆತ್ತುವಾಗ ಉಕ್ಕು ಮೆತ್ತಗಿರಬೇಕು. ಕೆತ್ತಿ ಮುಗಿದ ಮೇಲೆ ಅದನ್ನು ಕೆಂಪಗೆ ಕಾಯಿಸಿ ನೀರಿಗೆ ಇಳಿಸಬೇಕು. ಆಗ ಕಲ್ಲಿಗಿಂತ ಗಟ್ಟಿಯಾಗುತ್ತದೆ. ಆ ನೀರು ಹಿಂದಿನ ಸಂಜೆಯೇ ಸೇದಿ ಕಲ್ಲಿನ ಬಾನಿಯಲ್ಲಿ ತುಂಬಿಸಿಟ್ಟದ್ದಾಗಬೇಕು ಎಂಬುದು ಅವರ ಕ್ರಮ. ಬಾವಿಯಿಂದ ಆಗಷ್ಟೇ ಸೇದಿದ ತಣ್ಣನೆಯ ನೀರಿಗೆ ಕಾದ ಉಕ್ಕು ಬಿದ್ದರೆ ಅದು ತಡೆದುಕೊಳ್ಳುವುದಿಲ್ಲ. ಬೆಂಕಿ ಅವರದ್ದು, ನೀರು ನನ್ನದು. ಮೂವತ್ತೆರಡು ವರ್ಷ ನಾನು ತಪ್ಪಿರಲಿಲ್ಲ.

ಅನ್ವಿತಾ ಹುಟ್ಟಿದಾಗ ಅವರು ಹರಕೆಯದ್ದಲ್ಲದ ಒಂದು ಅಚ್ಚು ಶುರುಮಾಡಿದರು. ಹುಟ್ಟಿದ ನೆನಪಿಗೆ ಒಂದು ಬೆಳ್ಳಿ ಬಿಲ್ಲೆ. ಎರಡು ತಿಂಗಳು ಕುಳಿತು ಕೆತ್ತಿದರು. ಮೇಣದಲ್ಲಿ ಒತ್ತಿ ನೋಡಿದ್ದನ್ನು ನನಗೆ ತೋರಿಸಲಿಲ್ಲ. "ಮುಗೀಲಿ, ಬೆಳ್ಳಿಯಲ್ಲೇ ನೋಡು" ಎಂದರು. ನಾಮಕರಣ ಮೇ ತಿಂಗಳಲ್ಲಿ. ಅಚ್ಚನ್ನು ನೀರಿಗೆ ಇಳಿಸುವುದೂ ಅದೇ ಬೆಳಿಗ್ಗೆ. ಮನೆ ತುಂಬ ನೆಂಟರು. ಹಿಂದಿನ ಸಂಜೆ ನಾನು ಬಾನಿಯನ್ನು ಮರೆತೆ. ಬೆಳಿಗ್ಗೆ ನೆನಪಾಗಿ, ಓಡಿ ಹೋಗಿ, ನಾಲ್ಕು ಕೊಡ ಸೇದಿ ಸುರಿದೆ. ಸೆಕೆಗಾಲದ ಬಾವಿ ನೀರು, ಹಲ್ಲು ಜುಮ್ಮೆನ್ನುವಷ್ಟು ತಂಪು. ಹೇಳಲಿಲ್ಲ. ಹೇಳಬಹುದಿತ್ತು.

ಅಚ್ಚು ನೀರಿಗೆ ಇಳಿಯಿತು. ಹಬೆಯ ಒಳಗಿನಿಂದ ಟಿಕ್ ಎಂದು ಒಂದು ಸಣ್ಣ ಶಬ್ದ. ಅಜ್ಜ ಇಕ್ಕಳದಲ್ಲಿ ಎತ್ತಿ ನೋಡಿದರು. ಅಂಚಿನಿಂದ ಒಳಕ್ಕೆ ಒಂದು ಕೂದಲೆಳೆಯಂಥ ಬಿರುಕು. ಆಮೇಲೆ ಅವರು ಬಾನಿಯ ನೀರಿಗೆ ಬೆರಳು ಅದ್ದಿದರು. ನನ್ನ ಕಡೆ ನೋಡಿದರು. ಬೈರಾಸಿನಲ್ಲಿ ಕೈ ಒರೆಸಿಕೊಂಡು, "ಎಲ್ಲರದ್ದೂ ಕಾಪಿ ತಿಂಡಿ ಆಯ್ತಾ?" ಎಂದು ಕೇಳಿದರು. ಅಷ್ಟೇ. ಅದರ ನಂತರ ಆರು ವರ್ಷ ಬದುಕಿದ್ದರು, ಒಂದು ದಿನವೂ ಆ ಮಾತು ತೆಗೆಯಲಿಲ್ಲ. ಹೊಸ ಅಚ್ಚನ್ನೂ ಕೆತ್ತಲಿಲ್ಲ. ಕಣ್ಣಿನ ಪೊರೆ ಬಂದದ್ದು ಒಂದು ಕಾರಣ. ಅದೊಂದೇ ಕಾರಣವೋ ಎಂದು ನಾನು ಕೇಳಲಿಲ್ಲ.

ಅಬುಧಾಬಿಯ ದಾರಿ

ಶುಕ್ರವಾರ ರಜೆ. ಅನ್ವಿತಾಳ ಶಾಲೆಯಲ್ಲಿ ಯಾವುದಾದರೂ ಒಂದು ಪ್ರದರ್ಶನ ನೋಡಿ ಬರೆದುಕೊಂಡು ಬರಬೇಕೆಂದು ಹೇಳಿದ್ದರಂತೆ. ಅಬುಧಾಬಿಯಲ್ಲಿ ಹಳೆಯ ಕಾಲದ ಪದಕಗಳನ್ನು ಇಟ್ಟಿದ್ದಾರೆ ಎಂದು ವೀಣಾ ಪತ್ತೆ ಮಾಡಿದಳು.

"ಪದಕ ಅಂದ್ರೆ ಓಟದಲ್ಲಿ ಗೆದ್ದವರಿಗೆ ಕೊಡ್ತಾರಲ್ಲ, ಅದಾ?" ಎಂದೆ.

"ಅದಲ್ಲ ಅಮ್ಮ, ಯುರೋಪಿನ ರಾಜರದ್ದು" ಎಂದ ಸುಧಾಕರ. "ಯುದ್ಧ ಗೆದ್ದರೆ ಒಂದು, ಮದುವೆಯಾದರೆ ಒಂದು, ಮಗು ಹುಟ್ಟಿದರೆ ಒಂದು. ನೆನಪಿಗೆ ಮಾಡಿಸಿ ಹಂಚುದು. ಮುನ್ನೂರು ಮುನ್ನೂರೈವತ್ತು ವರ್ಷ ಹಿಂದಿನದ್ದು."

ಮಗು ಹುಟ್ಟಿದರೆ ಒಂದು ಎಂದದ್ದು ಕಿವಿಯಲ್ಲಿ ಉಳಿಯಿತು. ಹೊರಡುವ ಮೊದಲು ಡಬ್ಬವನ್ನು ಮಂಚದ ಕೆಳಗಿಂದ ತೆಗೆದು ಕೈಚೀಲದಲ್ಲಿಟ್ಟುಕೊಂಡೆ. ಯಾಕೆಂದು ಆಗ ಗೊತ್ತಿರಲಿಲ್ಲ.

ದಾರಿಯುದ್ದಕ್ಕೂ ಮರಳು. ಮರಳಿನ ನಡುವೆ ಖರ್ಜೂರದ ಮರಗಳಿಗೆ ಒಂದೊಂದಕ್ಕೂ ಕರಿಯ ಪೈಪಿನಲ್ಲಿ ತೊಟ್ಟು ತೊಟ್ಟು ನೀರು. ಆಸ್ಪತ್ರೆಯಲ್ಲಿ ಗ್ಲೂಕೋಸು ಕೊಟ್ಟ ಹಾಗೆ ಎಂದೆ. ಅನ್ವಿತಾ ಬಹಳ ನಕ್ಕಳು. ನನ್ನ ಮಾತಿಗೆ ಯಾರಾದರೂ ನಕ್ಕರೆ ನನಗೆ ಇಡೀ ದಿನ ಸಾಕು.

ಗಾಜಿನ ಪೆಟ್ಟಿಗೆಗಳ ಕೋಣೆ

ಕೋಣೆ ಕತ್ತಲಾಗಿತ್ತು, ಗಾಜಿನ ಪೆಟ್ಟಿಗೆಗಳೊಳಗೆ ಮಾತ್ರ ಬೆಳಕು. ಒಂದೊಂದು ಪದಕದ ಹಿಂದೆ ಸಣ್ಣ ಕನ್ನಡಿ ಇಟ್ಟಿದ್ದರು, ಎರಡೂ ಬದಿ ಕಾಣಲಿ ಎಂದು. ಕಪ್ಪು ಕೋಟು ಹಾಕಿದ ಒಬ್ಬ ಹೆಂಗಸು ಬಂದವರಿಗೆ ವಿವರಿಸುತ್ತಿದ್ದರು. ನಾವು ಮಾತಾಡುವುದನ್ನು ಕೇಳಿ ಹತ್ತಿರ ಬಂದರು.

"ಊರಿನವರಾ ನೀವು? ನಮ್ಮದು ಮೂಡಬಿದ್ರೆ. ಜೆಸಿಂತಾ ಅಂತ ನನ್ನ ಹೆಸರು. ಬನ್ನಿ ಅಮ್ಮ, ಕನ್ನಡದಲ್ಲೇ ಹೇಳ್ತೇನೆ. ಇಂಗ್ಲಿಷ್ ಹೇಳಿ ಹೇಳಿ ಬಾಯಿ ಒಣಗಿದೆ."

ಮೊದಲ ಪದಕದಲ್ಲಿ ಒಬ್ಬ ರಾಜನ ಮುಖ. ಭುಜದವರೆಗೆ ಸುರುಳಿ ಸುರುಳಿ ಕೂದಲು, ಅದು ಟೋಪನ್ ಅಂತೆ. ಒಂದೊಂದು ಸುರುಳಿಯೂ ಬೇರೆ ಬೇರೆ. ಇಷ್ಟು ಕೂದಲಿಗೆ ಎಷ್ಟು ಸಣ್ಣ ಉಳಿ ಬೇಕು, ಎಷ್ಟು ದಿನ ಉಸಿರು ಹಿಡಿದು ಕೂರಬೇಕು ಎಂದು ನನಗೆ ಗೊತ್ತು. ಕೆತ್ತಿದವನು ರಾಜನ ದಪ್ಪ ಗಲ್ಲವನ್ನೂ ಬಿಟ್ಟಿರಲಿಲ್ಲ. ರಾಜ ನೋಡಿ ಸುಮ್ಮನಿದ್ದನಲ್ಲ, ಒಳ್ಳೆಯವನಿರಬೇಕು.

"ಒಂದು ಬದಿಯಲ್ಲಿ ಮುಖ. ತಿರುಗಿಸಿದರೆ ಅವನ ಮನಸ್ಸಿನಲ್ಲಿ ಇದ್ದದ್ದು" ಎಂದರು ಜೆಸಿಂತಾ. "ಈ ರೆಕ್ಕೆಯವಳು ತುತ್ತೂರಿ ಊದ್ತಾ ಇದ್ದಾಳಲ್ಲ, ಅವಳು ಕೀರ್ತಿ. ರಾಜನ ಹೆಸರು ನಾಲ್ಕೂರಿಗೆ ಹೇಳುವವಳು. ಈ ಮುದುಕ, ಪೈರು ಕೊಯ್ಯುವ ಕತ್ತಿ ಹಿಡಿದವನು, ಕಾಲ. ಎಲ್ಲವನ್ನೂ ಕೊಯ್ತಾನೆ."

"ಏಂಜೆಲ್ ಅಲ್ವಾ ಅವಳು?" ಎಂದು ಅನ್ವಿತಾ ಕೇಳಿದಳು.

"ನಾನು ಸಹ ಮೊದಲ ದಿವಸ ಕೈ ಮುಗಿದಿದ್ದೆ ಮಾರಾಯ್ತಿ!"

ಮುಂದಿನ ಪದಕದಲ್ಲಿ ಒಂದು ಹಾವು ಉರುಟಾಗಿ ಸುತ್ತಿ ತನ್ನ ಬಾಲವನ್ನು ತಾನೇ ಕಚ್ಚಿಕೊಂಡಿತ್ತು. ನನಗೆ ಸಂತೋಷವಾಯಿತು, ಗೊತ್ತಿದ್ದದ್ದು ಒಂದು ಸಿಕ್ಕಿತಲ್ಲ ಎಂದು. ವೀಣಾಳ ಕಿವಿಯಲ್ಲಿ, "ಇದು ಮಕ್ಕಳಾಗಲಿ ಅಂತ ರಾಣಿ ಮಾಡಿಸಿದ್ದಿರಬೇಕು, ನಾಗನ ಹರಕೆ" ಎಂದೆ. ಜೆಸಿಂತಾರಿಗೆ ಕೇಳಿಸಿತು. ನಕ್ಕರೂ ನೋವಾಗುವ ಹಾಗೆ ನಗಲಿಲ್ಲ.

"ಅಲ್ಲಮ್ಮ. ಬಾಲ ಬಾಯಿಯೊಳಗೆ ಉಂಟಲ್ಲ, ಸುರು ಎಲ್ಲಿ ಮುಗಿಯುದು ಎಲ್ಲಿ ಗೊತ್ತಾಗುದಿಲ್ಲ. ಅಂತ್ಯ ಇಲ್ಲದ್ದು ಅಂತ ಅರ್ಥ. ಇದು ರಾಣಿ ತೀರಿಹೋದಾಗ ಮಾಡಿಸಿದ್ದು."

ನಾಚಿಕೆಯಾಯಿತು. ನಮ್ಮಲ್ಲಿ ಹುಟ್ಟಿಗೆ ಇಡುವ ಹಾವನ್ನು ಅವರು ಸಾವಿಗೆ ಇಟ್ಟಿದ್ದರು. ಇನ್ನು ಬಾಯಿ ತೆರೆಯುವುದಿಲ್ಲ ಎಂದು ನಿಶ್ಚಯಿಸಿದೆ.

ನಿಶ್ಚಯ ಎರಡು ಪೆಟ್ಟಿಗೆಯಷ್ಟು ದೂರ ನಡೆಯಿತು. ಮೂರನೆಯದರಲ್ಲಿ ಒಂದು ದೊಡ್ಡ ಬೆಳ್ಳಿ ಪದಕ. ಅಂಚಿನಿಂದ ಹೊರಟು ರಾಜನ ಕೆನ್ನೆಯ ಮೇಲೆ ಹಾದು ಮೂಗಿನ ಹತ್ತಿರ ನಿಂತ ಒಂದು ಉಬ್ಬು ಗೆರೆ.

"ಇದೊಂದನ್ನು ಎಲ್ಲರೂ ಕೇಳ್ತಾರೆ" ಎಂದರು ಜೆಸಿಂತಾ. "ರಾಜನಿಗೆ ಕತ್ತಿ ಗಾಯ ಆಗಿತ್ತಾ ಅಂತ. ಗಾಯ ಅಲ್ಲ, ಅದು..."

"ಅಚ್ಚು ಒಡೆದದ್ದು" ಎಂದೆ. "ನೀರಿಗೆ ಇಳಿಸುವಾಗ."

ನಾಲ್ವರೂ ನನ್ನನ್ನು ನೋಡಿದರು. ನನ್ನ ದನಿ ಅಷ್ಟು ದೊಡ್ಡದಾಗಿ ಬಂದಿತ್ತು.

"ಸರಿಯಾಗಿ ಹೇಳಿದ್ರಿ ಅಮ್ಮ! ನಿಮಗೆ ಹೇಗೆ ಗೊತ್ತು?"

"ಅಚ್ಚಿನಲ್ಲಿ ಬಿರುಕು ಇದ್ದರೆ ಬೆಳ್ಳಿ ಅದರೊಳಗೆ ಹೋಗಿ ಗೆರೆ ಏಳ್ತದೆ. ಗೀರು ಆಗಿದ್ದರೆ ತಗ್ಗು ಇರ್ತಿತ್ತು." ಮಾತು ತಾನಾಗಿಯೇ ಬರುತ್ತಿತ್ತು. "ಒಡೆದ ಅಚ್ಚನ್ನು ಅವರು ಬಿಸಾಡಲಿಲ್ವಾ?"

"ಬಿಸಾಡುದು ಹೇಗೆ? ಎಷ್ಟು ತಿಂಗಳ ಕೆಲಸ ಅದು. ಗಟ್ಟಿ ಮಾಡುವಾಗ ಎಂಥ ದೊಡ್ಡ ಕೆತ್ತನೆಯವನ ಅಚ್ಚು ಸಹ ಒಡೀತಿತ್ತಂತೆ. ಒಡೆದದ್ದರಲ್ಲೇ ಒತ್ತಿದ್ರು, ಹಂಚಿದ್ರು. ಒತ್ತಿದ ಹಾಗೆಲ್ಲ ಗೆರೆ ಉದ್ದ ಆಗ್ತಾ ಹೋಗ್ತದೆ. ಅದನ್ನು ನೋಡಿಯೇ ಯಾವುದು ಮೊದಲಿನದ್ದು, ಯಾವುದು ನಂತರದ್ದು ಅಂತ ಈಗಿನವರು ಹೇಳುದು."

ಕೊನೆಯ ಪೆಟ್ಟಿಗೆಯಲ್ಲಿ ಒಬ್ಬ ರಾಜಕುಮಾರ ಹುಟ್ಟಿದಾಗ ಮಾಡಿಸಿದ ಪದಕ. ಒಂದು ಎಳೆಯ ಗಿಡ, ಮೇಲೆ ಮೋಡ, ಮೋಡದೊಳಗಿಂದ ಒಂದು ಕೈ ಹೊರಬಂದು ಗಿಡಕ್ಕೆ ನೀರು ಹಾಕುತ್ತಿತ್ತು. ಕೈ ಮಾತ್ರ, ಮನುಷ್ಯ ಇಲ್ಲ. "ಅದು ದೇವರ ಕೈ" ಎಂದರು ಜೆಸಿಂತಾ. ಅಜ್ಜನ ಅಚ್ಚಿನಲ್ಲಿಯೂ ಒಂದು ಕೈ ಇದ್ದದ್ದು ನನಗೆ ನೆನಪಿತ್ತು. ಅಂಚಿನಿಂದ ಬಂದ ಬರೀ ಕೈ, ಅಲ್ಲಿಯೂ ಮನುಷ್ಯ ಇಲ್ಲ. ಕಾರ್ಕಳದ ಆಚೆ ಹೋಗದ ಮನುಷ್ಯನಿಗೆ ಇದು ಹೇಗೆ ಹೊಳೆಯಿತು?

ಸಮುದ್ರದ ಎದುರಿನ ಕಲ್ಲುಬೆಂಚು

ಹೊರಗೆ ಸಮುದ್ರ. ನಮ್ಮ ಮಲ್ಪೆಯ ಸಮುದ್ರದ ಹಾಗೆ ಗದ್ದಲವಿಲ್ಲ, ತಟ್ಟೆಯಲ್ಲಿ ಇಟ್ಟ ನೀರಿನ ಹಾಗೆ. ವೀಣಾ ಮತ್ತು ಅನ್ವಿತಾ ಐಸ್‌ಕ್ರೀಮ್ ತರಲು ಹೋದರು. ಬೆಂಚಿನಲ್ಲಿ ಸುಧಾಕರ ಮತ್ತು ನಾನು. ನಾನು ಡಬ್ಬ ತೆಗೆದು ಅವನ ಮಡಿಲಲ್ಲಿಟ್ಟೆ. ಅವನು ಬಟ್ಟೆ ಬಿಚ್ಚಿ ನೋಡಿದ.

"ಇದು ಒಡೆದಾಗ ಬಿಸಾಡಿದ್ರು ಅಂತ ಎಣಿಸಿದ್ದೆ."

"ಒಡೆದದ್ದು ನನ್ನಿಂದ ಮಗ." ಬಾನಿಯದ್ದು, ಬಾವಿ ನೀರಿನದ್ದು, ಅದ್ದಿದ ಬೆರಳಿನದ್ದು, ಎಲ್ಲ ಹೇಳಿದೆ. ಹತ್ತು ವರ್ಷ ಹೊತ್ತದ್ದು ಹೇಳಲು ಐದು ನಿಮಿಷ ಹಿಡಿಯಲಿಲ್ಲ.

ಅವನು ಅಚ್ಚನ್ನು ತಿರುಗಿಸುತ್ತಾ ಕುಳಿತ.

"ಅಪ್ಪ ಯಾವಾಗಲೂ ಮೊದಲು ಬೆರಳು ಅದ್ದಿ ನೋಡಿಯೇ ಇಳಿಸುದಲ್ವಾ ಅಮ್ಮ? ಆ ದಿವಸ ಯಾಕೆ ನೋಡಲಿಲ್ಲ ಗೊತ್ತುಂಟಾ? ಭಟ್ರು ಬಂದು ಕೂತಿದ್ದಾರೆ, ಬೇಗ ಬೇಗ, ಖಲಾಸ್ ಮಾಡಿ ಅಂತ ಬಾಗಿಲಲ್ಲಿ ನಿಂತು ಅವಸರ ಮಾಡಿದ್ದು ನಾನು. ರಜೆ ಮುಗೀತದೆ ಅಂತ ನನಗೆ ಎಲ್ಲದಕ್ಕೂ ಅವಸರ."

"ನಿನಗೂ ಅದು ಉಂಟಾ ಮನಸ್ಸಿನಲ್ಲಿ?"

"ಉಂಟು."

ಇಬ್ಬರೂ ಸಮುದ್ರ ನೋಡಿದೆವು. ನನಗೆ ಅಳು ಬರಬೇಕಿತ್ತು, ಬಂದದ್ದು ಹಸಿವು. ಅನ್ವಿತಾ ತಂದ ಐಸ್‌ಕ್ರೀಮನ್ನು, ಹಲ್ಲು ಜುಮ್ಮೆಂದರೂ, ಪೂರ್ತಿ ತಿಂದೆ.

ಮತ್ತೆ ಅಲ್ ನಹ್ದಾ

ಮನೆಗೆ ಬಂದು ಅಚ್ಚನ್ನು ಅನ್ವಿತಾಳ ಕೈಗೆ ಕೊಟ್ಟೆ. "ಇದು ನೀನು ಹುಟ್ಟಿದಾಗ ಅಜ್ಜ ಮಾಡಿದ್ದು. ನನ್ನ ತಪ್ಪಿನಿಂದ ಒಡೆಯಿತು" ಎಂದೆ. ಅವಳು ಬಿರುಕಿಗೆ ಬೆರಳಿಟ್ಟು, "ಕಿಂಗ್‌ನದ್ದರ ಹಾಗೆ!" ಎಂದಳು. ಅವಳಿಗೆ ಅದು ಹೆಚ್ಚುಗಾರಿಕೆಯಾಗಿ ಕಂಡಿತು.

"ಆದರೆ ಅಜ್ಜಿ, ಪಿಕ್ಚರ್ ಒಳಗೆ ಹೋಗಿದೆ. ಕಾಣುದಿಲ್ಲ. ಹೊರಗೆ ಹೇಗೆ ಬರುದು?"

ಬೆಳ್ಳಿ ಇಲ್ಲ, ಸೀಸ ಇಲ್ಲ, ಮೇಣವೂ ಇಲ್ಲ. ವೀಣಾ ಚಪಾತಿಗೆ ಹಿಟ್ಟು ಕಲಸಿ ಇಟ್ಟಿದ್ದಳು. ನಾನು ಅಚ್ಚಿಗೆ ಎಣ್ಣೆ ಸವರಿ, ಒಂದು ಉಂಡೆಯನ್ನು ಅದರ ಮೇಲೆ ಒತ್ತಿದೆ. ವಿಮಾನ ನಿಲ್ದಾಣದ ಆ ಮನುಷ್ಯನಿಗೆ ಹೇಳಿದ ಸುಳ್ಳು ಅರ್ಧ ನಿಜವಾಯಿತು. ಮೆಲ್ಲಗೆ ಎತ್ತಿ ತಟ್ಟೆಯಲ್ಲಿಟ್ಟೆವು.

ಅಜ್ಜ ಕೆತ್ತಿದ್ದನ್ನು ನಾನು ಸರಿಯಾಗಿ ನೋಡಿದ್ದು ಅದೇ ಮೊದಲು. ಸರಪಳಿಯಲ್ಲಿ ತೂಗುವ ತೊಟ್ಟಿಲು. ಒಳಗೆ ಮಗು ಇಲ್ಲ, ಹೊದಿಕೆಯ ಕೆಳಗೆ ಒಂದು ಸಣ್ಣ ಉಬ್ಬು ಮಾತ್ರ. ಹೊದಿಕೆಯ ನೆರಿಗೆಗಳು ಆ ರಾಜರ ಶಾಲಿನ ನೆರಿಗೆಗಳಿಗೆ ಏನೂ ಕಡಿಮೆಯಿರಲಿಲ್ಲ. ಬಲ ಅಂಚಿನಿಂದ ಬಂದ ಒಂದು ಕೈ ತೊಟ್ಟಿಲನ್ನು ತೂಗುತ್ತಿತ್ತು. ಬಿರುಕಿನ ಗೆರೆ ಕೆಳಗಿನಿಂದ ಎದ್ದು, ತೊಟ್ಟಿಲಿನ ಅಡಿಯಲ್ಲಿ ನಿಂತಿತ್ತು.

"ದೇವರ ಕೈ" ಎಂದೆ. "ಅಲ್ಲಿ ನೋಡಿದೆವಲ್ಲ, ಹಾಗೆಯೇ ಅಜ್ಜನೂ ಮಾಡಿದ್ದಾರೆ."

ಅನ್ವಿತಾ ತಟ್ಟೆಗೆ ಮೂಗು ತಾಗಿಸಿ ನೋಡುತ್ತಿದ್ದಳು.

"ದೇವರು ಬಳೆ ಹಾಕ್ತಾರಾ ಅಜ್ಜಿ?"

"ದೇವಿ ಇರಬಹುದು."

"ದೇವಿಯ ಲಿಟಲ್ ಫಿಂಗರ್ ಬೆಂಡ್ ಇರ್ತದಾ?"

ಅವಳು ನನ್ನ ಬಲಗೈಯನ್ನು ಎಳೆದು ತಟ್ಟೆಯ ಪಕ್ಕದಲ್ಲಿಟ್ಟಳು. ನನ್ನ ಕಿರುಬೆರಳು ನಿಮಗೆ ಗೊತ್ತಲ್ಲ, ಸಣ್ಣವಳಿದ್ದಾಗ ಒನಕೆಯಡಿ ಸಿಕ್ಕಿ ಹೊರಕ್ಕೆ ಸೊಟ್ಟಗಾದದ್ದು. ಹಿಟ್ಟಿನ ಮೇಲಿನ ಕೈಯ ಕಿರುಬೆರಳೂ, ಅಕ್ಕಿಕಾಳಿನಷ್ಟೇ ಇದ್ದರೂ, ಹಾಗೆಯೇ ಹೊರಕ್ಕೆ ಬಾಗಿತ್ತು. ಎರಡು ಬಳೆ, ನಾನು ಆಗ ಹಾಕುತ್ತಿದ್ದ ಹಾಗೆ.

ವೀಣಾ ನನ್ನ ಬೆನ್ನಿನ ಮೇಲೆ ಕೈಯಿಟ್ಟಳು. ನಾನು ತಟ್ಟೆಯನ್ನು ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದೆ. ಬೆಳ್ಳಿಯಲ್ಲೇ ನೋಡು ಎಂದಿದ್ದರು.

ಅಚ್ಚು ಈಗ ಅನ್ವಿತಾಳ ಹತ್ತಿರವೇ ಇದೆ. ಮಾವ ಬೇಸಿಗೆಗೆ ಬರುವಾಗ ತರುತ್ತಾನೆ. ಅಜ್ಜನ ಹತ್ತಿರ ಕೆಲಸ ಕಲಿತವರು ಕಾರ್ಕಳದಲ್ಲಿ ಇದ್ದಾರೆ, ಅವರಿಂದ ಮೂರು ಬೆಳ್ಳಿ ಬಿಲ್ಲೆ ಮಾಡಿಸುತ್ತೇನೆ, ಅವಳಿಗೊಂದು, ನಿಮಗೆ ಒಂದೊಂದು. ಗೆರೆ ಮೂರರಲ್ಲಿಯೂ ಇರುತ್ತದೆ. ಅದನ್ನು ಉಜ್ಜಿ ತೆಗೆಯಲು ಹೋಗಬೇಡಿ.

ಆ ಹಿಟ್ಟಿನ ಉಂಡೆಯನ್ನು ಲಟ್ಟಿಸಲು ಅಂದು ಯಾರಿಗೂ ಮನಸ್ಸು ಬರಲಿಲ್ಲ. ವೀಣಾ ಬೇರೆ ಹಿಟ್ಟು ಕಲಸಿದಳು. ನೀರು ನಾನೇ ಹಾಕಿದೆ.